ಆನೆ ದಾಟುವವರೆಗೆ

ಸಿದ್ದಾಪುರದ ಬಸ್‌ಸ್ಟ್ಯಾಂಡಿನಿಂದ ಮಾಲ್ದಾರೆಯ ಮನೆಗೆ
ದಿನಾ ಸಂಜೆ ಅವಳನ್ನು ಕರೆತರುವವನು ನಾನು.
ಕ್ಲಾಸಾಯ್ತಾ? ಹ್ಞೂಂ.
ಊಟ ಮಾಡಿದ್ಯಾ? ಹ್ಞೂಂ.
ಗಾಜು ಏರಿಸ್ಲಾ? ಹ್ಞೂಂ.
ನಾಲ್ಕು ವರ್ಷ
ಒಂದೇ ಹ್ಞೂಂಕಾರದ ಮೇಲೆ ಓಡಿತು ನಮ್ಮ ಪಿಕಪ್ಪು.

ಅಪ್ಪ ಅನ್ನಲಿಲ್ಲ ಅವಳು, ಕುಂಞಪ್ಪ ಅಂತಲೂ ಇಲ್ಲ.
ಫೋನಿನಲ್ಲಿ ತಾಯಿಗೆ ಹೇಳುವಳು:
"ಗಾಡಿ ಬಂತವ್ವಾ."
ನಾನು ಗಾಡಿ.
ಡೀಸೆಲ್ ಹಾಕಿದರೆ ಸಾಕು, ನಡೆಯುತ್ತದೆ.

ಅವತ್ತು ಹೂಮಳೆ ಬಿದ್ದು ಎಂಟನೇ ದಿನ,
ಕತ್ತಲಲ್ಲೂ ಬೆಳ್ಳಗೆ ತೋಟ, ತಲೆ ತಿರುಗುವಷ್ಟು ಘಮ.
ತಿರುವಿನಲ್ಲಿ ದಾರಿ ಇರಲಿಲ್ಲ.
ದಾರಿ ಇರಬೇಕಾದಲ್ಲಿ ಆನೆ,
ಬೈನೆ ಸೀಳಿ ಮೆಲ್ಲುತ್ತಾ
ಮದುವೆ ಊಟಕ್ಕೆ ಕೂತವನ ಹಾಗೆ.
ಇಂಜಿನ್ ಆರಿಸಿದೆ. ಲೈಟೂ.
ಸಿಗ್ನಲ್ ಸತ್ತ ಅವಳ ಫೋನು ಮಡಿಲಲ್ಲಿ ಮಲಗಿತು.
"ಮಾತಾಡಬೇಡ" ಅಂದೆ.
ಆಮೇಲೆ ನನಗೇ ನಗು ಬಂತು:
ಯಾರಿಗೆ ಹೇಳಿದೆ ಇದನ್ನು?

ಹತ್ತು ನಿಮಿಷ. ಮರ ಮುರಿಯುವ ಸದ್ದು.
ಆಗ ಪಿಸುಗುಟ್ಟಿದಳು ದೇಚು,
ಗಾಜಿನ ಕಡೆ ಮುಖ ಮಾಡಿ:
"ಅಪ್ಪನಿಗೆ ಆನೆ ಅಂದ್ರೆ ಭಯ ಇತ್ತಾ?"

ಹ್ಞೂಂ ಅನ್ನಬಹುದಿತ್ತು. ಅವಳ ಸಾಲ ಅವಳಿಗೇ ವಾಪಸ್.
ಅನ್ನಲಿಲ್ಲ.
ಭಯ ಅಂದ್ರೆ ಎಂಥ ಭಯ ಅಂತೀಯ!
ಗೋಡೆಯ ಮೇಲೆ ಕೋವಿ, ಇಷ್ಟುದ್ದ ಮೀಸೆ,
ಆದರೂ ಒಂದು ಬೆಳಗ್ಗೆ ಬರೀ ಲದ್ದಿ ಕಂಡು
ಸಿಲ್ವರ್ ಮರ ಏರಿದವನು ಮಧ್ಯಾಹ್ನದವರೆಗೆ ಇಳಿಯಲಿಲ್ಲ.
ಏಣಿ ತಂದವನು ನಾನು.
ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡ,
ಹದಿನೆಂಟು ವರ್ಷ ಕಾಪಾಡಿದ್ದೆ.
ಇವತ್ತು ಮುರಿದೆ ಮಾಚಯ್ಯಾ, ತಪ್ಪಾಯ್ತು.

ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕಳು.
ಸೀಟು ಅಲುಗಿತು. ಆನೆ ಕಿವಿ ನಿಲ್ಲಿಸಿತು.
ಇಬ್ಬರೂ ಉಸಿರು ಬಿಗಿಹಿಡಿದೆವು
ಒಂದೇ ಮನೆಯವರ ಹಾಗೆ.

"ಅವ್ವನ್ನ ಮದುವೆ ಆಗಿದ್ದು ಕನಿಕರಕ್ಕಾ?"
ಇದಕ್ಕೆ ಏಣಿ ಇರಲಿಲ್ಲ ನನ್ನ ಹತ್ತಿರ.
ಸ್ಟೀರಿಂಗಿನ ಹೊಲಿಗೆ ಬಿಚ್ಚಿದ ಜಾಗವನ್ನು
ಬೆರಳಲ್ಲಿ ಹುಡುಕಿದೆ.
"ಅಲ್ಲ" ಅಂದೆ. "ಒಬ್ಬನೇ ಉಣ್ಣೋದು ಸಾಕಾಗಿತ್ತು.
ಕನಿಕರ ಯಾರಾದರೂ ತೋರಿಸಿದ್ದರೆ
ಅದು ನಿಮ್ಮವ್ವ."

ಇನ್ನು ನನ್ನ ಸರದಿ ಅನ್ನಿಸಿತು.
ರಾತ್ರಿ ಎರಡಕ್ಕೂ ಅವಳ ಕೋಣೆಯಲ್ಲಿ ದೀಪ.
ಓದೋದಾ? ಎನ್ನಲು ಹೋದೆ, ಅದಕ್ಕೂ ಹ್ಞೂಂ ಸಾಕಲ್ಲ.
"ಏನು ಮಾಡ್ತೀಯ ಅಷ್ಟು ಹೊತ್ತು?" ಅಂದೆ.
ಕೇಳಿ, ಬಾಯಿ ಮುಚ್ಚಿ, ಕಾದೆ.
ಕಾಯುವುದು ಇಷ್ಟು ಕಷ್ಟದ ಕೆಲಸ ಅಂತ
ಪಂಪ್‌ಸೆಟ್ ರಿಪೇರಿಯವನಿಗೆ ಯಾರು ಹೇಳಿದ್ದರು?
ಬಿಚ್ಚುವ ಹಾಗಿಲ್ಲ, ತಟ್ಟುವ ಹಾಗಿಲ್ಲ,
ಎಣ್ಣೆ ಬಿಡುವ ಹಾಗೂ ಇಲ್ಲ.

"ಅಪ್ಪನ ದನಿ ನೆನಪು ಮಾಡ್ಕೊಳ್ತೀನಿ.
ಮುಖ ಫೋಟೋದಲ್ಲಿದೆ. ದನಿ
ಹೋಗ್ತಾ ಇದೆ."

"ನನ್ನ ಹತ್ತಿರ ಇದೆ" ಅಂದೆ.
"ಆದರೆ ಪಿಸುಮಾತಿನಲ್ಲಿ ಹಿಡಿಯೋ ದನಿ ಅಲ್ಲ ಅದು.
ಆನೆ ದಾಟಲಿ."

ದಾಟಿತು, ಅದರ ಪುರುಸೊತ್ತಿಗೆ.
ಟಾರಿನ ಮೇಲೆ ಮುರಿದ ಗರಿ, ಬಿಸಿ ಲದ್ದಿ.
ಇನ್ನೂ ಸ್ವಲ್ಪ ಕಾದು ಗಾಜಿಳಿಸಿ
ತೋಟದ ಕತ್ತಲಿಗೆ ಮುಖ ಕೊಟ್ಟು ಕೂಗಿದೆ,
ಬೆಳಗ್ಗೆ ಏಳಕ್ಕೆ ನನ್ನಂಗಡಿಯ ಷಟರಿಗೆ
ಅವನು ಕೂಗುತ್ತಿದ್ದ ಹಾಗೆ,
ಮೊದಲಕ್ಷರ ಮೂಗಿನಲ್ಲಿ, ಕೊನೆಯದು ಎಳೆದು:
"ಓಯ್ ಕುಳ್ಳಾ! ಬಾಗ್ಲು ತೆಗ್ಯೋ!"

ಕುಳ್ಳ ಅಂದರೆ ನಾನೇ.
ನನ್ನ ಬಾಯಿಂದ ನನ್ನನ್ನೇ ಕರೆದ ಗೆಳೆಯ.
ಗಂಟಲು ಕಟ್ಟಿತು.
ಅವಳು ತಿರುಗಿ ನನ್ನ ಎತ್ತರ ಅಳೆದಳು,
ಮೊದಲ ಸಲ ನೋಡುವವಳ ಹಾಗೆ.
"ಇನ್ನೊಂದ್ಸಲ."

ಸಿಗ್ನಲ್ ಬಂದಾಗ ಏಳು ಮಿಸ್ಡ್ ಕಾಲು.
"ಇಲ್ಲವ್ವಾ, ಏನೂ ಆಗಿಲ್ಲ" ಅಂದಳು.
"ನಾವು ಬರ್ತಾ ಇದ್ದೀವಿ. ಸ್ವಲ್ಪ ತಡ ಆಗತ್ತೆ."
ಆಮೇಲೆ ನನ್ನ ಕಡೆ ನೋಡಿ,
"ನಿಧಾನ ಹೋಗೋಣ, ಅಲ್ವಾ?"

ಹ್ಞೂಂ, ಅಂದೆ.